ಗ್ಲ್ಯಾಸ್ಗೋಗೆ ಹೊರಡಲಿರುವ ಶಾಲಾ ಪೈಪ್ ಬ್ಯಾಂಡ್: ಸಿದ್ಧತೆಯ ಬಗ್ಗೆ ಸಲಹೆ ಬೇಕು

ಪ್ರಶ್ನೆ (ಹಾಸನದ ಒಬ್ಬ ತಾಯಿ)

ನನ್ನ ಮಗಳು ಹಾಸನದ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದು, ಮೂರು ವರ್ಷಗಳಿಂದ ಶಾಲೆಯ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ (ಗಾಳಿಚೀಲಕ್ಕೆ ಕೊಳವೆಗಳನ್ನು ಜೋಡಿಸಿದ ಊದುವಾದ್ಯ) ನುಡಿಸುತ್ತಿದ್ದಾಳೆ. ಜಿಲ್ಲಾ ಕ್ರೀಡಾಂಗಣದಲ್ಲಿ ರಾಜ್ಯೋತ್ಸವದ ಪಥಸಂಚಲನಕ್ಕೆ ನುಡಿಸಿಯಷ್ಟೇ ರೂಢಿಯಿರುವ ಈ ಮಕ್ಕಳಿಗೆ ಮುಂದಿನ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರದ ಪೈಪಿಂಗ್ ಉತ್ಸವದಲ್ಲಿ ನುಡಿಸುವ ಅವಕಾಶ ಒದಗಿದೆ. ವಿಶ್ವ ಪೈಪ್ ಬ್ಯಾಂಡ್ ಸ್ಪರ್ಧೆಯೂ ಅದೇ ತಿಂಗಳಲ್ಲಿ, ಅದೇ ಊರಿನ ಗ್ಲ್ಯಾಸ್ಗೋ ಗ್ರೀನ್ ಮೈದಾನದಲ್ಲಿ ನಡೆಯುತ್ತದೆ. ಕಾಗದಪತ್ರ, ವಾದ್ಯಗಳ ಸಾಗಣೆ ಮತ್ತು ಅಲ್ಲಿ ನುಡಿಸಬೇಕಾದ ಕೃತಿಗಳ ಬಗ್ಗೆ ತಿಳಿದವರು ದಯವಿಟ್ಟು ಹೇಳಿ. ಇನ್ನೊಂದು ಸಂಕಟವೂ ಇದೆ. ಪ್ರಯಾಣದ ವೆಚ್ಚವನ್ನು ಪೂರ್ತಿಯಾಗಿ ಕೊಡಬಲ್ಲ ಮಕ್ಕಳನ್ನು ಮಾತ್ರ ಕರೆದೊಯ್ಯುವ ಮಾತು ಕೇಳಿಬರುತ್ತಿದೆ. ಬೇಸ್ ಡ್ರಮ್ ಬಾರಿಸುವ ಹುಡುಗನ ತಂದೆ ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಾರೆ.

ಉತ್ತರ 1 (ಚಿಕ್ಕಮಗಳೂರು, ನಿವೃತ್ತ ಬ್ಯಾಂಡ್ ಶಿಕ್ಷಕ)

ಅಮ್ಮ, ಮೊದಲು ಆ ಹುಡುಗನ ವಿಷಯ. ಇಡೀ ಬ್ಯಾಂಡಿನ ಹೆಜ್ಜೆ ನಿಂತಿರುವುದೇ ಬೇಸ್ ಡ್ರಮ್ಮಿನ ಪೆಟ್ಟಿನ ಮೇಲೆ. ವರ್ಷಗಟ್ಟಲೆ ಆ ಪೆಟ್ಟಿಗೆ ಕಾಲು ಹಾಕಿದ ಮಕ್ಕಳಿಗೆ, ಹಣವಿದೆಯೆಂಬ ಒಂದೇ ಕಾರಣಕ್ಕೆ ಬೇರೊಬ್ಬನನ್ನು ತಂದು ನಿಲ್ಲಿಸಿದರೆ ಲಯ ಒಡೆಯುತ್ತದೆ. ಖರ್ಚನ್ನು ತಲಾ ಎಣಿಸದೆ ತಂಡದ ಒಟ್ಟು ಮೊತ್ತವಾಗಿ ಇಟ್ಟುಕೊಂಡು, ಹಳೆಯ ವಿದ್ಯಾರ್ಥಿಗಳನ್ನೂ ತೋಟದ ಮಾಲೀಕರನ್ನೂ ಈಗಿನಿಂದಲೇ ಕೇಳಿ.

ಡ್ರಮ್ಮನ್ನು ಇಲ್ಲಿಂದ ಒಯ್ಯುವುದು ಬೇಡ. 28 ಅಂಗುಲ ವ್ಯಾಸ, 14 ಅಂಗುಲ ಆಳದ ಡ್ರಮ್ಮಿನ ಉದ್ದ, ಅಗಲ, ಎತ್ತರ ಕೂಡಿದರೆ 70 ಅಂಗುಲವಾಗುತ್ತದೆ. ವಿಮಾನದಲ್ಲಿ ಸಾಮಾನ್ಯ ಲಗೇಜಿಗಿರುವ ಮಿತಿ 62 ಅಂಗುಲ. ಅದನ್ನು ಅಲ್ಲೇ ಬಾಡಿಗೆಗೆ ಪಡೆಯಿರಿ, ಆದರೆ ಬಾರಿಸುವ ಕೋಲುಗಳನ್ನು ಮಾತ್ರ ಹುಡುಗ ತನ್ನವೇ ಒಯ್ಯಲಿ. ಪೈಪುಗಳ ಚಾಂಟರನ್ನೂ (ಬೆರಳಿಟ್ಟು ಸ್ವರ ನುಡಿಸುವ ಕೊಳವೆ) ರೀಡುಗಳನ್ನೂ (ಕಂಪಿಸಿ ನಾದ ಹೊರಡಿಸುವ ತೆಳು ಪಟ್ಟಿ) ಕೈಚೀಲದಲ್ಲಿಡಿ. ನಮ್ಮ ಮಳೆಗಾಲದ ತೇವಕ್ಕೆ ಒಗ್ಗಿದ ಬೆತ್ತದ ರೀಡು ವಿಮಾನದ ಒಣಗಾಳಿಯಲ್ಲಿ ಸ್ವರ ಬದಲಿಸುತ್ತದೆ, ಆದ್ದರಿಂದ ತಲುಪಿದ ಮರುದಿನವೇ ವೇದಿಕೆಗೆ ಹತ್ತಿಸಬೇಡಿ.

ಉತ್ತರ 2 (ಹಾಸನ, ಪ್ರಯಾಣದ ಕಾಗದಪತ್ರ ನೋಡಿಕೊಂಡ ಅನುಭವವಿರುವವರು)

ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಅಪ್ರಾಪ್ತರ ಅರ್ಜಿಗೆ ಶುಲ್ಕ 1000 ರೂಪಾಯಿ, ಜೊತೆಗೆ ತಂದೆತಾಯಿಯರ ಸಹಿಯಿರುವ ಘೋಷಣಾಪತ್ರ, ಅಂದರೆ ಅನುಬಂಧ ‘ಡಿ’ ಬೇಕು. ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಪ್ರಯಾಣಕ್ಕಿಂತ 3 ತಿಂಗಳು ಮುಂಚಿನಿಂದ ಮಾತ್ರ ಅರ್ಜಿ ಹಾಕಬಹುದು, ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು. ಆದ್ದರಿಂದ ಪಾಸ್‌ಪೋರ್ಟುಗಳು ಏಪ್ರಿಲ್‌ಗೆ ಮೊದಲೇ ಕೈಸೇರಲಿ. ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ವಾದ್ಯಗಳಿಗೆ ರಫ್ತು ಪ್ರಮಾಣಪತ್ರ ಪಡೆಯಿರಿ. ಇಲ್ಲದಿದ್ದರೆ ಮರಳುವಾಗ ಅವು ನಿಮ್ಮವೇ ಎಂದು ತೋರಿಸಿ ಸುಂಕ ತಪ್ಪಿಸಿಕೊಳ್ಳುವುದು ಕಷ್ಟ.

ಮರದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ತಯಾರಾಗುವ ಅನೇಕ ಪೈಪುಗಳು ಸೀಸಂ ಮರದವು, ಅದು ಮಲೆನಾಡಿನ ಬೀಟೆಯ ಕುಲಕ್ಕೇ ಸೇರಿದ್ದು. 2017ರಲ್ಲಿ ಆ ಇಡೀ ಕುಲ ಅಂತಾರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಗೆ ಬಂದಿತ್ತು, 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ದಂತದ ಉಂಗುರಗಳಿರುವ ಹಳೆಯ ಪೈಪುಗಳನ್ನು ಮಾತ್ರ ಒಯ್ಯಬೇಡಿ.

ಉತ್ತರ 3 (ಬೇಲೂರು, ಸಂಗೀತ ಶಿಕ್ಷಕಿ)

ಕೃತಿಗಳ ಆಯ್ಕೆಯ ಬಗ್ಗೆ ಬರೆಯುತ್ತೇನೆ. ಚಾಂಟರಿನಲ್ಲಿ ದೊರೆಯುವುದು ಒಂಬತ್ತೇ ಸ್ವರ: ಕೆಳಗಿನ ನಿಷಾದದಿಂದ ತಾರ ಷಡ್ಜದವರೆಗೆ. ಒಂದೇ ಸ್ವರವನ್ನು ಎಡೆಬಿಡದೆ ಮೊಳಗಿಸುವ ಡ್ರೋನು ಕೊಳವೆಗಳ ಷಡ್ಜವನ್ನೇ ಆಧಾರವಾಗಿಟ್ಟುಕೊಂಡರೆ ಆ ಸ್ವರಗಳು ನಮ್ಮ ಹರಿಕಾಂಭೋಜಿ ರಾಗಕ್ಕೆ ಹೊಂದುತ್ತವೆ, ಆದ್ದರಿಂದ ಅದರಿಂದಲೇ ಹುಟ್ಟಿದ ಮೋಹನ ರಾಗದ ಧಾಟಿಗಳು ಸಲೀಸಾಗಿ ಕೂರುತ್ತವೆ. ಹಂಸಧ್ವನಿ ರಾಗ ಬೇಡ, ಅದಕ್ಕೆ ಬೇಕಾದ ಕಾಕಲಿ ನಿಷಾದ (ನಿಷಾದದ ಮೇಲಿನ ಸ್ಥಾನ) ಆ ವಾದ್ಯದಲ್ಲಿಲ್ಲ. ಬ್ಯಾಂಡ್ ಎಂದಾಕ್ಷಣ ಪಾಶ್ಚಾತ್ಯ ಧಾಟಿಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಾಹಿತ್ಯ ಕಟ್ಟಿದ ನೋಟುಸ್ವರಗಳು ನೆನಪಾಗುವುದು ಸಹಜ, ಆದರೆ ಅವು ಶಂಕರಾಭರಣದವಾದ್ದರಿಂದ ಅಲ್ಲಿಯೂ ಅದೇ ತೊಡಕು. ಚಾಂಟರಿನ ನಾದವನ್ನು ನಡುವೆ ನಿಲ್ಲಿಸಲಾಗದ ಕಾರಣ ಒಂದೇ ಸ್ವರ ಎರಡು ಸಲ ಬಂದಾಗ ನಡುವೆ ಇನ್ನೊಂದು ಸ್ವರವನ್ನು ಮಿಂಚಿನಂತೆ ಮುಟ್ಟಿ ಬಿಡಿಸಬೇಕು. ಸ್ಕಾಟಿಷ್ ಧಾಟಿಗಳನ್ನು ಅಲ್ಲಿನವರು ಹುಟ್ಟಿನಿಂದ ಕೇಳಿದ್ದಾರೆ. ಮಕ್ಕಳು ಎರಡನ್ನು ಗೌರವದಿಂದ ನುಡಿಸಿ, ಉಳಿದ ಸಮಯವನ್ನು ಮೋಹನದ ನಮ್ಮ ಜಾನಪದ ಧಾಟಿಗಳಿಗೆ ಕೊಡಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಮಗಳು ಮೋಹನದ ಆರೋಹಣವನ್ನು ನುಡಿಸಿ ನೋಡಿದಳು, ಸ್ವರಗಳು ತಾವು ಹೇಳಿದಂತೆಯೇ ಕೂತವು. ಪೋಷಕರ ಸಭೆಯಲ್ಲಿ ಒಟ್ಟು ಮೊತ್ತದ ಪ್ರಸ್ತಾವವನ್ನು ನಾನೇ ಇಡುತ್ತೇನೆ. ಸೋಮವಾರ ಬೇಸ್ ಡ್ರಮ್ಮಿನ ಹುಡುಗನ ಪಾಸ್‌ಪೋರ್ಟ್ ಅರ್ಜಿ ತುಂಬಲು ಅವನ ತಂದೆತಾಯಿ ನಮ್ಮ ಮನೆಗೆ ಬರುತ್ತಿದ್ದಾರೆ.