ಸೇತುವೆಗೆ ‘ಮಾಟ’ ಅನ್ನಬಹುದೇ?

ನಮಸ್ಕಾರ. ಎರಡು ಪದಗಳ ನಡುವೆ ಸಿಕ್ಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿ.

ಪಿಯುಸಿ ಮಕ್ಕಳಿಗಾಗಿ ಸೇತುವೆಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ‘ಕಾನ್ಸೆಪ್ಚುಯಲ್ ಡಿಸೈನ್’, ‘ಏಸ್ಥೆಟಿಕ್ ಡಿಸೈನ್’ ಎರಡೂ ಬರುತ್ತವೆ. ಕೈಗೆ ಬಂದಂತೆ ‘ಪರಿಕಲ್ಪನಾತ್ಮಕ ವಿನ್ಯಾಸ’, ‘ಸೌಂದರ್ಯಾತ್ಮಕ ವಿನ್ಯಾಸ’ ಎಂದು ಬರೆದೆ. ಓದಿದ ಅಣ್ಣನ ಮಗ ಕೇಳಿದ: “ಎರಡನೇದು ಅಂದ್ರೆ ಪೇಂಟ್ ಹೊಡೆದು ಲೈಟ್ ಹಾಕೋದಾ?” ತಪ್ಪು ಅವನದಲ್ಲ. ನಮ್ಮಲ್ಲಿ ಕೆರೆಯ ‘ಸೌಂದರ್ಯೀಕರಣ’ ಅಂದರೆ ಬೇಲಿ, ಬೆಂಚು, ಬಣ್ಣದ ದೀಪ ತಾನೇ? ಎಲ್ಲ ಮುಗಿದ ಮೇಲೆ ಮೆತ್ತುವುದು.

ನಾನು ಹೇಳಬೇಕಾದದ್ದು ಅದರ ತದ್ವಿರುದ್ಧ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮಾಯಾರ್ 1901ರಲ್ಲಿ ತ್ಸುವೋಜ್ ಎಂಬ ಊರಿನಲ್ಲಿ ಒಂದು ಕಾಂಕ್ರೀಟ್ ಕಮಾನು ಸೇತುವೆ ಕಟ್ಟಿದ. ಎರಡು ವರ್ಷಕ್ಕೆ ಪಕ್ಕದ ಗೋಡೆಗಳಲ್ಲಿ, ದಡದ ಹತ್ತಿರ, ಬಿರುಕು ಕಾಣಿಸಿತು. ಬೇರೆಯವರಾಗಿದ್ದರೆ ಸಿಮೆಂಟ್ ಮೆತ್ತಿ ಸುಮ್ಮನಾಗುತ್ತಿದ್ದರೇನೋ. ಆ ಜಾಗದ ಗೋಡೆ ಭಾರ ಹೊರುವ ಕೆಲಸವನ್ನೇ ಮಾಡುತ್ತಿಲ್ಲ ಎಂದು ಇವನಿಗೆ ಹೊಳೆಯಿತು. 1905ರಲ್ಲಿ ತವನಾಸಾ ಎಂಬ ಊರಿನಲ್ಲಿ ತಾನು ಕಟ್ಟಿದ ಸೇತುವೆಯಲ್ಲಿ ಅಷ್ಟು ಭಾಗವನ್ನು ಕತ್ತರಿಸಿಯೇ ಹಾಕಿದ. ಕಾಂಕ್ರೀಟ್ ಉಳಿತಾಯವಾಯಿತು, ಅಂದವೂ ಬಂತು. ಆ ಸೇತುವೆ 1927ರಲ್ಲಿ ಗುಡ್ಡ ಕುಸಿದು ಹೋಯಿತು, ಅದರ ರೂಪ ಮಾತ್ರ ಹೋಗಲಿಲ್ಲ. 1930ರ ಸಾಲ್ಗಿನಾಟೋಬೆಲ್ ಸೇತುವೆಯಲ್ಲಿ ಮತ್ತೆ ಬಂತು, 90 ಮೀಟರ್ ಉದ್ದದ ಒಂದೇ ಜಿಗಿತವಾಗಿ. (‘ಟೋಬೆಲ್’ ಅಂದರೆ ಆ ಕಡೆಯ ಜರ್ಮನ್‌ನಲ್ಲಿ ಕಮರಿ.)

ಅದು ಮೂರು ಕೀಲಿನ ಕಮಾನು. ಎರಡು ತುದಿಗೆ ಎರಡು, ನೆತ್ತಿಯಲ್ಲಿ ಒಂದು ಕೀಲು. ಕೀಲು ಇರುವಲ್ಲಿ ತಿರುಗಲು ಅವಕಾಶ ಇರುವುದರಿಂದ ಅಲ್ಲಿ ಬಾಗಿಸುವ ಒತ್ತಡ ಇರುವುದಿಲ್ಲ. ಹಾಗಾಗಿ ಅಲ್ಲೆಲ್ಲ ಕಮಾನು ಸಣ್ಣ. ಭಾರದ ಲಾರಿ ಒಂದೇ ಬದಿಗೆ ಬಂದಾಗ ಜಾಸ್ತಿ ಬಾಗುವುದು ಎರಡು ಕೀಲುಗಳ ಮಧ್ಯೆ, ಅಲ್ಲಿ ಕಮಾನು ದಪ್ಪ. ನೋಡುವುದಕ್ಕೆ ಎರಡು ಬಾಳೆಕಾಯಿ ತುದಿಗೆ ತುದಿ ತಾಗಿಸಿ ನಿಲ್ಲಿಸಿದಂತಿದೆ. ಚಂದಕ್ಕೆ ಅಂತ ಬೇರೆ ಖರ್ಚೇ ಇಲ್ಲ, ಸ್ಪರ್ಧೆಗೆ ಬಂದ ವಿನ್ಯಾಸಗಳಲ್ಲಿ ಕಡಿಮೆ ಖರ್ಚಿನದೇ ಇದು!

ಫೋಟೋ ಅಮ್ಮನಿಗೆ ತೋರಿಸಿದೆ. ಕನ್ನಡಕ ಮೂಗಿಗೆ ಏರಿಸಿ ನೋಡಿ, “ನಡು ಸಣ್ಣಗೆ, ಎಷ್ಟು ಮಾಟವಾಗಿದೆ” ಅಂದರು.

ಅಲ್ಲಿಂದ ಶುರುವಾಯಿತು ನೋಡಿ ತಲೆನೋವು. ನೋಡು–ನೋಟ, ಓಡು–ಓಟ ಇದ್ದಂತೆ ಮಾಡು–ಮಾಟ. ಮಾಡಿದ ರೀತಿಯಲ್ಲೇ ಇರುವ ಅಂದ, ಮೇಲಿಂದ ಹಚ್ಚಿದ್ದಲ್ಲ. ‘ಸೌಂದರ್ಯಾತ್ಮಕ ವಿನ್ಯಾಸ’ಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗಂತೂ ಸಿಕ್ಕಿಲ್ಲ. ತೊಡಕು ನಿಮಗೂ ಗೊತ್ತು: ‘ಸೇತುವೆಯ ಮಾಟ’ ಅಂತ ತಲೆಬರಹ ಕೊಟ್ಟರೆ ನಿಂಬೆಹಣ್ಣು, ಕುಂಕುಮ ನೆನಪಾಗುತ್ತದೆ.

ಮೊದಲನೆಯದು, ‘ಕಾನ್ಸೆಪ್ಚುಯಲ್ ಡಿಸೈನ್’, ಇನ್ನೂ ಕಷ್ಟ. ಲೆಕ್ಕ ಹಾಕುವ ಮುಂಚೆ ಮಾಡುವ ಕೆಲಸ ಅದು: ಕಮಾನೋ ತೊಲೆಯೋ, ಕಂಬ ಎಲ್ಲಿ ಊರಬೇಕು, ಎಷ್ಟು ಅಂಕಣ. (ಎರಡು ಕಂಬಗಳ ನಡುವಿನ ಜಾಗಕ್ಕೆ ‘ಅಂಕಣ’ ಅನ್ನುವ ಹಳೆಯ ಮಾತನ್ನೇ ‘ಸ್ಪ್ಯಾನ್’ಗೆ ಇಟ್ಟುಕೊಂಡಿದ್ದೇನೆ. ಪತ್ರಿಕೆಯವರು ಬೇಜಾರು ಮಾಡಿಕೊಳ್ಳಬಾರದು.) ‘ಹೊಳಹು’ ಚೆನ್ನಾಗಿದೆ, ಆದರೆ ಅದು ಮಿಂಚಿ ಮಾಯವಾಗುವಂಥದ್ದು. ಇಲ್ಲಿ ಕೂತು, ಅಳೆದು, ಹತ್ತು ಗೆರೆ ಅಳಿಸಿ ಹನ್ನೊಂದನೆಯದನ್ನು ಉಳಿಸುವುದಿದೆ. ‘ಹೂಡು’ವಿನಿಂದ ‘ಹೂಟ’ ಅಂದರೆ? ಅರ್ಥ ಹತ್ತಿರವೇ ಇದೆ, ಆದರೆ ಇದಕ್ಕೂ ಒಳಸಂಚಿನ ವಾಸನೆ. ಹೂಟವೂ ಮಾಟವೂ ಒಟ್ಟಿಗೆ ಬಂದರೆ ಪಾಪ ಎಂಜಿನಿಯರ್ ಮೇಲೆ ಪೊಲೀಸ್ ಕೇಸೇ ಆದೀತು.

ಇನ್ನೊಂದು ಸಣ್ಣದು. ಬೆಂಗಳೂರಿನ ಕೆ.ಆರ್. ಪುರದ ಸೇತುವೆಯನ್ನು ಎಲ್ಲರೂ ‘ತೂಗುಸೇತುವೆ’ ಅನ್ನುತ್ತೇವೆ. ಅಲ್ಲಿ ಗೋಪುರದಿಂದ ನೇರವಾಗಿ ರಸ್ತೆಗೇ ಉಕ್ಕಿನ ಹಗ್ಗ ಬಿಗಿದಿದೆ. ಜೋಲುವ ಹಗ್ಗಕ್ಕೆ ರಸ್ತೆಯನ್ನು ನೇತುಹಾಕಿದ ನಿಜವಾದ ತೂಗುಸೇತುವೆಯೇ ಬೇರೆ. ‘ಬಿಗಿಹಗ್ಗದ ಸೇತುವೆ’ ಅಂದರೆ ನಡೆಯುತ್ತದಾ?

ಮುಖ್ಯ ಪ್ರಶ್ನೆ ಮಾತ್ರ ಮಾಟದ್ದೇ. ನಿಮ್ಮ ಕಡೆ ನೇಗಿಲಿಗೆ, ಗಾಡಿಗೆ, ಮನೆಯ ಕಂಬಕ್ಕೆ ‘ಮಾಟವಾಗಿದೆ’ ಅನ್ನುವುದನ್ನು ಕೇಳಿದ್ದೀರಾ? ಅಥವಾ ಮೂಗಿಗೆ, ಮೈಕಟ್ಟಿಗೆ ಮಾತ್ರವೇ? ಅಮ್ಮನನ್ನೇ ಕೇಳಿದೆ. “ನಂಗೇನು ಗೊತ್ತು, ಬಾಯಿಗೆ ಬಂತು ಅಂದೆ” ಅಂತ ಎದ್ದು ಹೋದರು.