ಕ್ಯಾಂಡಿಯ ದಳದಾ ಮಾಳಿಗಾವಕ್ಕೆ ಸಿಂಹಳ ಗೆಳತಿಯ ಜೊತೆ ಹೊರಟಿದ್ದೇನೆ. ಏನೇನು ಗೊತ್ತಿರಬೇಕು?

ಹಾಸನದವಳು:
ಮುಂದಿನ ತಿಂಗಳು ನಾನು, ನಮ್ಮ ಯಜಮಾನರು ಶ್ರೀಲಂಕಾಕ್ಕೆ ಹೋಗುತ್ತಿದ್ದೇವೆ. ಬೆಂಗಳೂರಿನಲ್ಲಿ ನನ್ನ ಜೊತೆ ಓದಿದ ಗೆಳತಿಯ ಊರು ಕ್ಯಾಂಡಿ. ದಳದಾ ಮಾಳಿಗಾವ, ಅಂದರೆ ಬುದ್ಧನ ಹಲ್ಲು ಇರುವ ದೇವಸ್ಥಾನಕ್ಕೆ ತಾನೇ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾಳೆ. ಅವಳ ಅಮ್ಮನೂ ಬರುತ್ತಾರಂತೆ. ನಾವಿಬ್ಬರೇ ಆಗಿದ್ದರೆ ಸುಮ್ನೆ ನೋಡಿಕೊಂಡು ಬರುತ್ತಿದ್ದೆವು. ದೊಡ್ಡವರ ಮುಂದೆ ಎಡವಟ್ಟಾಗಬಾರದು ಅಲ್ವಾ?

ಹಲ್ಲು ಕಣ್ಣಿಗೆ ಕಾಣುತ್ತಾ? ಹಣ್ಣುಕಾಯಿ ಮಾಡಿಸುವುದು ಇದೆಯಾ? ಪ್ರಸಾದ ತರಲೇಬೇಕು ಅಂತ ನಮ್ಮತ್ತೆ ಈಗಲೇ ಹೇಳಿಟ್ಟಿದ್ದಾರೆ. ಇನ್ನೊಂದು, ಯಜಮಾನರ ಹತ್ತಿರ ಎದೆ ತುಂಬಾ ಬುದ್ಧನ ಮುಖ ಇರುವ ಟೀಶರ್ಟ್ ಇದೆ. ಅದನ್ನೇ ಹಾಕಿಕೊಳ್ಳುತ್ತೇನೆ ಅಂತ ಹಟ ಮಾಡುತ್ತಿದ್ದಾರೆ. ನಡೆಯುತ್ತಾ?

ಕೊಲಂಬೊ ಕನ್ನಡಿಗ:
ನಾನು ಕೊಲಂಬೊದಲ್ಲಿ ಕೆಲಸ ಮಾಡುವವನು. ಟೀಶರ್ಟ್ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಹಾಸನದಲ್ಲೇ ಇರಲಿ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಹಾಕಿಸಿಕೊಂಡಿದ್ದ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ಇಲ್ಲಿನ ವಿಮಾನ ನಿಲ್ದಾಣದಲ್ಲೇ ಹಿಡಿದು ವಾಪಸ್ ಕಳಿಸಿದ್ದರು. ಮುಂದೆ 2017ರಲ್ಲಿ ಸುಪ್ರೀಂ ಕೋರ್ಟ್ ಆಕೆಗೆ ಪರಿಹಾರ ಕೊಡಿಸಿತು ಅನ್ನಿ, ಆದರೆ ಹೋದ ರಜೆ ಹೋಯಿತಲ್ಲ. ಇಬ್ಬರೂ ಬಿಳಿ ಬಟ್ಟೆ ಹಾಕಿ. ಭುಜ, ಮಂಡಿ ಮುಚ್ಚಿರಲಿ. ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆಯಲೇಬೇಡಿ. ಇಲ್ಲಿಯವರಿಗೆ ಅದು ಬಹಳ ನೋವಾಗುತ್ತದೆ.

ಹಲ್ಲು ಕಾಣುವುದಿಲ್ಲ. ಅದು ಒಂದರೊಳಗೊಂದು ಏಳು ಕರಡಿಗೆಗಳ ಒಳಗಿದೆ. ಪೂಜೆಯ ಹೊತ್ತಿಗೆ ಮೇಲಿನ ಮಹಡಿಯ ಬಾಗಿಲು ತೆರೆಯುತ್ತಾರೆ. ಸಾಲಿನಲ್ಲಿ ಸರಿಯುತ್ತಾ ಹೋದಾಗ ಸ್ತೂಪದ ಆಕಾರದ ಹೊರಗಿನ ಚಿನ್ನದ ಕರಡಿಗೆ ಒಂದು ಗಳಿಗೆ ಕಾಣುತ್ತದೆ, ಅಷ್ಟೇ. ದಿನಕ್ಕೆ ಮೂರು ಪೂಜೆ. ಬೆಳಗಿನ ಜಾವ 5.30, ಆಮೇಲೆ 9.30, ಸಂಜೆ 6.30ರ ಸುಮಾರಿಗೆ. ನನ್ನ ಮಾತು ಕೇಳಿದರೆ ಸಂಜೆ ಹೋಗಿ. ಕೆಳಗಡೆ ಬರಿಮೈಯಲ್ಲಿ, ಬಿಳಿ ಪಂಚೆಗೆ ಕೆಂಪು ನಡುಪಟ್ಟಿ ಕಟ್ಟಿ ನಿಂತವರು ಗೆಟ ಬೆರಯ, ದವುಲ ಅನ್ನುವ ಡೋಲುಗಳನ್ನು ಬಾರಿಸುತ್ತಾರೆ. ಕಲ್ಲಿನ ಕಂಬಗಳ ನಡುವೆ ಆ ಸದ್ದು ಪಾದದಿಂದ ಹತ್ತುತ್ತದೆ. ಸಾಲಿಗೆ ಅವಸರ ಮಾಡದೆ ಅಲ್ಲೇ ಸ್ವಲ್ಪ ನಿಲ್ಲಿ.

ಹಣ್ಣುಕಾಯಿ ಇಲ್ಲ. ಇಲ್ಲಿ ಹೂವೇ ಎಲ್ಲ. ಹೊರಗೆ ತಾವರೆ, ಮಾನೆಲ್ ಅನ್ನುವ ನೀಲಿ ನೈದಿಲೆ, ದೇವಕಣಗಿಲೆ ಮಾರುತ್ತಾರೆ. ಮೂಸಬೇಡಿ. ನಮ್ಮಲ್ಲೂ ಮೂಸಿದ ಹೂವು ದೇವರಿಗೆ ಆಗುವುದಿಲ್ಲವಲ್ಲ. ನನ್ನನ್ನು ಕರೆದುಕೊಂಡು ಹೋದ ಗೆಳೆಯ ಕಟ್ಟೆ ಮೇಲೆ ಕೂತು ತಾವರೆ ಮೊಗ್ಗಿನ ಎಸಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ ಒಳಗೆ ಸಿಕ್ಕಿಸುತ್ತಿದ್ದ. ನೋಡನೋಡುತ್ತಾ ಮೊಗ್ಗು ಅರಳಿದ ಹೂವಾಯಿತು. ಅವನ ಅಜ್ಜಿ ತಟ್ಟೆಗೆ ನೀರು ಚಿಮುಕಿಸಿ ಮನೆಯವರ ಮುಂದೆಲ್ಲ ಹಿಡಿದರು. ಎಲ್ಲರೂ ಮುಟ್ಟಿ ಕೈ ಮುಗಿದರು. ಆಮೇಲೆ ನನ್ನ ಕಡೆ ಹಿಡಿದರು, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದವರಿಗೂ ಹಿಡಿದರು. ಪುಣ್ಯದಲ್ಲಿ ಎಲ್ಲರಿಗೂ ಪಾಲು. ನಿಮ್ಮ ಗೆಳತಿಯ ಅಮ್ಮನೂ ಹಾಗೆ ಹಿಡಿದರೆ ತಟ್ಟೆಯನ್ನು ಕೈಗೆ ತೆಗೆದುಕೊಳ್ಳಬೇಡಿ, ಮುಟ್ಟಿದರೆ ಸಾಕು. ಹೂವಿಡುವಾಗ ಹೇಳುವ ಪಾಳಿ ಶ್ಲೋಕದ ಅರ್ಥ ಅವರನ್ನೇ ಕೇಳಿ. ಈ ಹೂವು ಬಾಡುವ ಹಾಗೆ ಈ ಮೈಯೂ ಬಾಡುತ್ತದೆ ಅಂತ. ಬೇಡುವುದು ಈ ಪುಣ್ಯದಿಂದ ಮೋಕ್ಷ ಸಿಗಲಿ ಅಂತ ಮಾತ್ರ.

ಅತ್ತೆಯವರ ಪ್ರಸಾದಕ್ಕೆ ಎರಡು ದಾರಿ. ಬುಧವಾರ ಹೋದರೆ ನಾನುಮುರ ಮಂಗಲ್ಯ ಅಂತ ಅಭಿಷೇಕದಂಥ ವಿಧಿ ನಡೆಯುತ್ತದೆ. ಸುಗಂಧದ ಮೂಲಿಕೆ ಬೆರೆಸಿದ ಆ ನೀರನ್ನು ಬಂದವರಿಗೆ ಕೊಡುತ್ತಾರೆ. ಇಲ್ಲದಿದ್ದರೆ ಮಾಳಿಗಾವದ ಸುತ್ತಮುತ್ತ ನಾಥ, ವಿಷ್ಣು, ಪತ್ತಿನಿ ದೇವಾಲಯಗಳಿವೆ. ಸ್ಕಂದನ ಕತರಗಾಮ ದೇವಾಲಯವೂ ದೂರವಿಲ್ಲ. ಈ ದೇವಾಲಯಗಳಿಗೆ ಹಣ್ಣಿನ ತಟ್ಟೆ ಒಯ್ದರೆ ಪೂಜೆ ಮಾಡಿ ಒಂದು ಪಾಲು ವಾಪಸ್ ಕೊಡುತ್ತಾರೆ. ಅತ್ತೆಗೆ ವಿಷ್ಣುವಿನದೇ ಸಿಕ್ಕಿದರೆ ಇನ್ನೇನು ಬೇಕು?

ಪಿರಿಯಾಪಟ್ಟಣದವ:
ಬೈಲಕುಪ್ಪೆ ನೋಡಿದ ಕಣ್ಣಲ್ಲಿ ಹೋದರೆ ಕ್ಯಾಂಡಿ ಮೊದಲಿಗೆ ಸಪ್ಪೆ ಅನ್ನಿಸಬಹುದು. ನಮ್ಮಲ್ಲಿರುವ 60 ಅಡಿ ಬುದ್ಧ, ತಿರುಗಿಸುವ ಮಣಿಚಕ್ರ, ಬೆಣ್ಣೆ ದೀಪ ಅಲ್ಲಿಲ್ಲ. ಬೌದ್ಧರಲ್ಲೇ ಪಂಥ ಬೇರೆ, ಕ್ಯಾಂಡಿಯವರದು ಥೇರವಾದ, ಬೈಲಕುಪ್ಪೆಯವರದು ಟಿಬೆಟಿನ ವಜ್ರಯಾನ. ಅಲ್ಲಿ ದೀಪಕ್ಕೆ ತೆಂಗಿನೆಣ್ಣೆ.

ಸಂಜೆ ಪೂಜೆಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಟೂರ್ ಬಸ್ಸಿನವರೆಲ್ಲ ಸಂಜೆಯೇ ಬರುವುದು. ಅಮ್ಮನನ್ನು ಕರೆದುಕೊಂಡು ಹೋಗುವವರು ಬೆಳಗಿನ ಜಾವ ಹೋಗುವುದು ಒಳ್ಳೆಯದು. ಆವರಣದಲ್ಲಿ ರಾಜಾ ಅನ್ನುವ ಆನೆಯ ಮ್ಯೂಸಿಯಂ ಇದೆ. ಎಸಳ ಪೆರಹೆರ ಅನ್ನುವ ವರ್ಷಕ್ಕೊಮ್ಮೆಯ ಮೆರವಣಿಗೆಯಲ್ಲಿ ವರ್ಷಗಟ್ಟಲೆ ಕರಡಿಗೆ ಹೊತ್ತ ಆನೆ. 1988ರಲ್ಲಿ ಸತ್ತ ಮೇಲೆ ಮೈ ಕೆಡದಂತೆ ಮಾಡಿ ನಿಲ್ಲಿಸಿದ್ದಾರೆ. ಜಂಬೂ ಸವಾರಿ ನೋಡಿ ಬೆಳೆದ ನಮಗೆ ಅದನ್ನು ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ಹಳೇ ಕಲ್ಲು:
ಒಂದು ಕಥೆ ಸೇರಿಸುತ್ತೇನೆ, ಗೆಳತಿಯ ಅಮ್ಮನ ಹತ್ತಿರ ಮಾತಿಗೆ ಬರುತ್ತದೆ. ಕ್ಯಾಂಡಿಯ ಅರಸರು ಮಧುರೆ ಕಡೆಯ ನಾಯಕರ ಮನೆತನದಿಂದ ಹೆಣ್ಣು ತರುತ್ತಿದ್ದರು. 1739ರಲ್ಲಿ ಸಿಂಹಾಸನ ಅಂಥ ರಾಣಿಯೊಬ್ಬಳ ತಮ್ಮನಿಗೇ ಹೋಯಿತು. ಮಧುರೆ ನಾಯಕರು ಮೊದಲು ನಮ್ಮ ವಿಜಯನಗರದ ಕೈಕೆಳಗಿನವರು. ಹೊರಗಿನಿಂದ ಬಂದ ಈ ಮನೆತನದ ಕೀರ್ತಿ ಶ್ರೀ ರಾಜಸಿಂಹನೇ ದೇವರುಗಳ ಪೆರಹೆರಕ್ಕೆ ದಂತಧಾತುವಿನ, ಅಂದರೆ ಬುದ್ಧನ ಹಲ್ಲಿನ ಮೆರವಣಿಗೆ ಸೇರಿಸಿದ್ದು. ಭಿಕ್ಷುಗಳ ಉಪಸಂಪದೆ, ಅಂದರೆ ಪೂರ್ಣ ದೀಕ್ಷೆ ಕೊಡುವುದು, ನಿಂತುಹೋಗಿತ್ತು. 1753ರಲ್ಲಿ ಸಯಾಮಿನಿಂದ (ಈಗಿನ ಥಾಯ್ಲೆಂಡ್) ಭಿಕ್ಷುಗಳನ್ನು ಕರೆಸಿ ಮತ್ತೆ ನಡೆಸಿದ್ದೂ ಇವನ ಕಾಲದಲ್ಲೇ. ಕೊನೆಯ ಅರಸನನ್ನು ಬ್ರಿಟಿಷರು 1815ರಲ್ಲಿ ಸೆರೆ ಹಿಡಿದು ವೆಲ್ಲೂರಿಗೆ ಒಯ್ದರು. ದೇವಸ್ಥಾನದ ಮುಂದಿನ ಎಂಟು ಮೂಲೆಯ ಕಟ್ಟಡ, ಎದುರಿನ ಕೆರೆ ಎರಡೂ ಅವನು ಕಟ್ಟಿಸಿದ್ದು.

ಹಾಸನದವಳು:
ಎಲ್ಲರಿಗೂ ಥ್ಯಾಂಕ್ಸ್. ಬುಧವಾರಕ್ಕೇ ಹೊಂದಿಸುತ್ತೇನೆ. ಗೆಳತಿಯ ಅಮ್ಮನಿಗೆ ಇಲ್ಲಿಂದ ಏನು ಒಯ್ಯಲಿ? ಅವತ್ತು ರಾತ್ರಿ ನಾವೇ ಹೋಟೆಲ್ ಊಟಕ್ಕೆ ಕರೆಯೋಣ ಅಂತಲೂ ಇದೆ.

ಕೊಲಂಬೊ ಕನ್ನಡಿಗ:
ಮೈಸೂರಿನ ಗಂಧದಕಡ್ಡಿ ಒಯ್ಯಿರಿ. ಮನೆಯ ಬುದ್ಧನ ಮುಂದೆ ದಿನಾ ಹಚ್ಚುತ್ತಾರೆ. ಊಟಕ್ಕೆ ಕರೆಯುವ ಮುಂಚೆ ಕ್ಯಾಲೆಂಡರ್ ನೋಡಿ. ಹುಣ್ಣಿಮೆ ಇಲ್ಲಿ ಸರ್ಕಾರಿ ರಜೆ, ಪೋಯ ಅನ್ನುತ್ತಾರೆ. ಹೆಂಡ ಮಾರುವಂತಿಲ್ಲ. ದೊಡ್ಡವರು ಸಾಮಾನ್ಯವಾಗಿ ಅವತ್ತು ಎಂಟು ಶೀಲ, ಅಂದರೆ ಎಂಟು ನಿಯಮಗಳ ವ್ರತ ಹಿಡಿಯುತ್ತಾರೆ, ಮಧ್ಯಾಹ್ನದ ಮೇಲೆ ಊಟ ಮುಟ್ಟುವುದಿಲ್ಲ. ನಿಮ್ಮ ಬುಧವಾರ ಹುಣ್ಣಿಮೆಗೆ ಬಿದ್ದಿದ್ದರೆ ಊಟ ಮಾರನೆಯ ದಿನಕ್ಕೆ ಇಟ್ಟುಕೊಳ್ಳಿ.