ಎಂ13 ಗೋಳಗುಚ್ಛದ ನಡುಭಾಗ ಚಿತ್ರದಲ್ಲಿ ಬಿಳಿ ಮುದ್ದೆಯಾಗುವುದೇಕೆ?

ಪ್ರಶ್ನೆ

ಹರ್ಕ್ಯುಲಿಸ್ ಪುಂಜದಲ್ಲಿರುವ ಎಂ13 ಗೋಳಗುಚ್ಛದ (ಗೋಳಾಕಾರದಲ್ಲಿ ಒತ್ತೊತ್ತಾಗಿ ನೆರೆದ ನಕ್ಷತ್ರಗಳ ಗುಂಪಿನ) ಚಿತ್ರ ತೆಗೆಯಲು ಮೂರು ರಾತ್ರಿಗಳಿಂದ ಪ್ರಯತ್ನಿಸುತ್ತಿದ್ದೇನೆ. ನನ್ನಲ್ಲಿರುವುದು 200 ಮಿ.ಮೀ. ಕನ್ನಡಿಯ ಎಫ್/5 (ನಾಭಿದೂರ ಕನ್ನಡಿಯ ಅಗಲದ ಐದು ಪಟ್ಟು) ನ್ಯೂಟೋನಿಯನ್ ದೂರದರ್ಶಕ, ಆಕಾಶದ ಚಲನೆಯನ್ನು ತಾನೇ ಹಿಂಬಾಲಿಸುವ, ಆಟೋಗೈಡಿಂಗ್ ಇರುವ ಈಕ್ವಟೋರಿಯಲ್ ಮೌಂಟ್ ಮತ್ತು 14 ಬಿಟ್‌ನ ಡಿಎಸ್‌ಎಲ್‌ಆರ್ ಕ್ಯಾಮೆರಾ. ಐಎಸ್‌ಒ (ಕ್ಯಾಮೆರಾ ಸಂಕೇತವನ್ನು ಎಷ್ಟು ಹಿಗ್ಗಿಸುತ್ತದೆ ಎಂಬ ಅಳತೆ) 1600ರಲ್ಲಿ ತಲಾ 120 ಸೆಕೆಂಡಿನ 30 ಫ್ರೇಮ್‌ಗಳನ್ನು ತೆಗೆದು ಸ್ಟ್ಯಾಕ್ ಮಾಡಿದ್ದೇನೆ, ಅಂದರೆ ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಮಾಡಿದ್ದೇನೆ. ಐಪೀಸ್‌ನಲ್ಲಿ ನೋಡುವಾಗ ಸಣ್ಣ ಮರಳು ಚೆಲ್ಲಿದಂತೆ ಬಿಡಿಬಿಡಿಯಾಗಿ ಕಾಣುವ ಗುಚ್ಛ, ಚಿತ್ರದಲ್ಲಿ ಮಾತ್ರ ನಡುವೆ ಬೆಳ್ಳಗಿನ ಮುದ್ದೆಯಾಗಿಬಿಡುತ್ತದೆ. ನಕ್ಷತ್ರಗಳಲ್ಲಿ ಬಣ್ಣವೇ ಇಲ್ಲ. ಚೌಕಟ್ಟಿನ ಮೂಲೆಗಳಲ್ಲಿ ಅವು ಬಾಲ ಬಂದ ಧೂಮಕೇತುಗಳಂತೆ ಕಾಣುತ್ತವೆ. ತಪ್ಪು ಚಿತ್ರ ತೆಗೆಯುವಾಗ ಆಗುತ್ತಿದೆಯೋ, ಆಮೇಲಿನ ಸಂಸ್ಕರಣೆಯಲ್ಲೋ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1

ಮೊದಲು ಸ್ಟ್ಯಾಕ್ ಮಾಡದ ಒಂದೇ ಒಂದು ರಾ ಫ್ರೇಮನ್ನು (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತವನ್ನು), ಹೊಳಪು ಹೆಚ್ಚಿಸದೆ, ತೆರೆದು ನೋಡಿ. ಗುಚ್ಛದ ನಡುವಿನ ನಕ್ಷತ್ರಗಳ ಮೇಲೆ ಕರ್ಸರ್ ಇಟ್ಟು ಪಿಕ್ಸೆಲ್ ಮೌಲ್ಯ ಓದಿಕೊಳ್ಳಿ. 14 ಬಿಟ್ ಕ್ಯಾಮೆರಾದ ಗರಿಷ್ಠ ಮೌಲ್ಯ 16,383. ಹಲವು ಕ್ಯಾಮೆರಾಗಳು ಅದಕ್ಕಿಂತ ಸ್ವಲ್ಪ ಕೆಳಗೇ ತುಂಬಿಬಿಡುತ್ತವೆ. ಅಕ್ಕಪಕ್ಕದ ಹತ್ತಾರು ಪಿಕ್ಸೆಲ್‌ಗಳೆಲ್ಲ ಆ ಮಿತಿಯಲ್ಲೇ ನಿಂತಿದ್ದರೆ ಅಲ್ಲಿನ ಮಾಹಿತಿ ಸೆನ್ಸರ್‌ನಲ್ಲೇ ಅಳಿಸಿಹೋಗಿದೆ ಎಂದರ್ಥ, ಅದನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ಬಣ್ಣ ಹೋಗುವುದಕ್ಕೂ ಇದೇ ಕಾರಣ: ಕೆಂಪು, ಹಸಿರು, ನೀಲಿ ಮೂರೂ ಒಟ್ಟಿಗೆ ತುಂಬಿದರೆ ಉಳಿಯುವುದು ಬಿಳುಪು ಮಾತ್ರ.

ನೀಹಾರಿಕೆಗಳ ಚಿತ್ರಣದಲ್ಲಿ ನಾವು ಮಂದವಾದುದರ ಬೆನ್ನು ಹತ್ತುತ್ತೇವೆ. ಗೋಳಗುಚ್ಛದಲ್ಲಾದರೋ ಕಾಪಾಡಿಕೊಳ್ಳಬೇಕಾದುದು ಪ್ರಕಾಶಮಾನವಾದ ಭಾಗವನ್ನೇ. ಐಎಸ್‌ಒವನ್ನು 400ಕ್ಕೆ ಇಳಿಸಿ, 30 ಸೆಕೆಂಡಿನ 120 ಫ್ರೇಮ್‌ಗಳನ್ನು ತೆಗೆಯಿರಿ. ಒಟ್ಟು ಬೆಳಕು ಸಂಗ್ರಹಿಸುವ ಅವಧಿ ಆಗಲೂ ಅದೇ ಒಂದು ಗಂಟೆ. ಪ್ರತಿ ಫ್ರೇಮಿಗೂ ರೀಡ್ ನಾಯ್ಸ್ (ಸೆನ್ಸರನ್ನು ಓದುವಾಗ ಸೇರುವ ಗದ್ದಲ) ಸೇರುವುದು ನಿಜವೇ, ಆದರೆ ಎಫ್/5ರ ವೇಗದಲ್ಲಿ ಆಕಾಶದ ಹಿನ್ನೆಲೆ ಬೆಳಕೇ ಸಾಮಾನ್ಯವಾಗಿ ಅದನ್ನು ಮುಚ್ಚಿಹಾಕುತ್ತದೆ.

ಸ್ಟ್ರೆಚ್ ಮಾಡುವಾಗಲೂ, ಅಂದರೆ ಮಂದ ಭಾಗ ಕಾಣುವಂತೆ ಹೊಳಪು ಹೆಚ್ಚಿಸುವಾಗಲೂ, ಎಚ್ಚರ ಬೇಕು. ಸಾಮಾನ್ಯ ಕರ್ವ್ಸ್ ಎಳೆದರೆ ಚೆನ್ನಾಗಿರುವ ಫ್ರೇಮ್ ಕೂಡ ಬರೀ ಬಿಳುಪಾಗಿ ಸುಟ್ಟುಹೋಗುತ್ತದೆ. ಸಿರಿಲ್ ಎಂಬ ಖಗೋಳ ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್‌ನಲ್ಲಿರುವ ಆಸಿನ್ಹ್ ಸ್ಟ್ರೆಚ್ ಮೂರೂ ಬಣ್ಣಗಳ ಅನುಪಾತವನ್ನು ಉಳಿಸಿಕೊಂಡೇ ಹೊಳಪು ಹೆಚ್ಚಿಸುವುದರಿಂದ ಅದನ್ನೇ ಸ್ವಲ್ಪಸ್ವಲ್ಪವಾಗಿ ಬಳಸಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಮೂಲೆಯ ಬಾಲಗಳ ವಿಷಯ ನಾನು ಹೇಳುತ್ತೇನೆ. ಅದು ಕೋಮಾ ಎಂಬ ದೋಷ. ಪ್ಯಾರಾಬೋಲಾ ಆಕಾರದ ಕನ್ನಡಿಗೆ ಹುಟ್ಟಿನಿಂದಲೇ ಬಂದದ್ದು, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಜಾಸ್ತಿ. ಕೋಮಾ ಕರೆಕ್ಟರ್ ಎಂಬ ಮಸೂರ ಜೋಡಣೆ ಹಾಕಿ, ಅದರಿಂದ ಸೆನ್ಸರ್‌ವರೆಗಿನ ಅಂತರವನ್ನು ತಯಾರಕರು ಹೇಳಿದಷ್ಟೇ, ಅಂದರೆ ಹೆಚ್ಚಿನವುಗಳಲ್ಲಿ 55 ಮಿ.ಮೀ., ಇಟ್ಟುಕೊಳ್ಳಿ. ಬಾಲಗಳು ನಾಲ್ಕೂ ಮೂಲೆಗಳಲ್ಲಿ ಸಮನಾಗಿರದೆ ಒಂದೇ ಕಡೆ ಹೆಚ್ಚಿದ್ದರೆ ಮಾತ್ರ ಕಾಲಿಮೇಶನ್ (ಕನ್ನಡಿಗಳ ನೇರ ಹೊಂದಾಣಿಕೆ) ಕೆಟ್ಟಿದೆಯೇ ಎಂದು ನೋಡಬೇಕಾಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಫೋಕಸ್. ನಾನು ಒಮ್ಮೆ ಸಂಜೆ ಫೋಕಸ್ ಮಾಡಿ ನಡುರಾತ್ರಿಯವರೆಗೂ ಅದನ್ನು ಮುಟ್ಟದೆ ಚಿತ್ರ ತೆಗೆದಿದ್ದೆ. ಬೆಳಿಗ್ಗೆ ನೋಡಿದರೆ ಮೊದಲ ಫ್ರೇಮಿನಲ್ಲಿ ಎರಡಾಗಿ ಕಾಣುತ್ತಿದ್ದ ಒಂದು ನಕ್ಷತ್ರಜೋಡಿ ಕೊನೆಯ ಫ್ರೇಮಿನಲ್ಲಿ ಒಂದೇ ಉಬ್ಬಿದ ಚುಕ್ಕೆಯಾಗಿತ್ತು. ತಂಪಾಗುತ್ತ ಹೋದಂತೆ ಲೋಹದ ಕೊಳವೆ ಕುಗ್ಗಿ ಫೋಕಸ್ ಸರಿದಿತ್ತು. ಬಾಹ್ಟಿನೋವ್ ಮಾಸ್ಕ್ ಎಂಬ ಸೀಳುಗಳಿರುವ ಫಲಕವನ್ನು ದೂರದರ್ಶಕದ ಮುಂದಿಟ್ಟು ನೋಡಿದರೆ ಪ್ರಕಾಶಮಾನ ನಕ್ಷತ್ರದ ಸುತ್ತ ಮೂರು ಗೆರೆಗಳು ಕಾಣುತ್ತವೆ. ನಡುಗೆರೆ ಉಳಿದೆರಡರ ಅಡ್ಡಜಾಗಕ್ಕೆ ಸರಿಯಾಗಿ ಬಂದಾಗ ಫೋಕಸ್ ಕೂತಿದೆ ಎಂದು ಲೆಕ್ಕ. ಅರ್ಧ ಗಂಟೆಗೊಮ್ಮೆಯಾದರೂ ಇದನ್ನು ಪರೀಕ್ಷಿಸಿ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಮೇಲೆ ಹೇಳಿದ ಕ್ರಮವನ್ನು ಎಲ್ಲ ಗುಚ್ಛಗಳಿಗೂ ಹಾಗೆಯೇ ಅನ್ವಯಿಸಬೇಡಿ. ನಿಮ್ಮ 1000 ಮಿ.ಮೀ. ನಾಭಿದೂರಕ್ಕೆ ಎಪಿಎಸ್-ಸಿ ಸೆನ್ಸರ್ (ಹಲವು ಡಿಎಸ್‌ಎಲ್‌ಆರ್‌ಗಳಲ್ಲಿರುವ ಮಧ್ಯಮ ಗಾತ್ರದ್ದು) ಜೋಡಿಸಿದರೆ ಸಿಗುವ ನೋಟ ಸುಮಾರು 1.3 ಡಿಗ್ರಿ ಅಗಲ, 0.85 ಡಿಗ್ರಿ ಎತ್ತರ. ಪರ್ಸಿಯಸ್‌ನ ಅವಳಿ ಗುಚ್ಛಗಳು ಅದರಲ್ಲಿ ಹೇಗೋ ಹಿಡಿಸುತ್ತವೆ, ಕೃತ್ತಿಕೆ ಹಿಡಿಸುವುದಿಲ್ಲ. ಕೃತ್ತಿಕೆಗೆ ಚಿಕ್ಕ ರಿಫ್ರಾಕ್ಟರ್ (ಮಸೂರದ ದೂರದರ್ಶಕ) ಅಥವಾ 200 ಮಿ.ಮೀ. ಲೆನ್ಸೇ ಮೇಲು, ಮತ್ತು ಅಲ್ಲಿನ ನೀಲಿ ಪ್ರತಿಫಲನ ನೀಹಾರಿಕೆ ಬೇಕೆಂದರೆ ದೀರ್ಘ ಎಕ್ಸ್‌ಪೋಶರ್ ಬೇಕೇಬೇಕು.

ಎಂ13ರ ವಿಷಯಕ್ಕೆ ಬಂದರೆ, 1764ರಲ್ಲಿ ಫ್ರೆಂಚ್ ಖಗೋಳಜ್ಞ ಮೆಸಿಯೇ ಇದರಲ್ಲಿ ನಕ್ಷತ್ರವೇ ಇಲ್ಲವೆಂದು ಬರೆದುಕೊಂಡಿದ್ದರು. ಅದನ್ನು ಬಿಡಿಬಿಡಿಯಾಗಿ ತೋರಿಸಬಲ್ಲ ಕನ್ನಡಿ ಇಂದು ನಮ್ಮ ಕೈಯಲ್ಲಿದೆ. ಹಾಗಿರುವಾಗ ಅದನ್ನು ಮತ್ತೆ ಮಸುಕು ಮುದ್ದೆ ಮಾಡಿಕೊಳ್ಳಬಾರದು. ನಡುಭಾಗದ ಒಂದು ಬದಿಗೆ ಮೂರು ಕಪ್ಪು ಗೆರೆಗಳು ಸೇರುವ, ಪ್ರೊಪೆಲ್ಲರ್ ಎಂದು ಹವ್ಯಾಸಿಗಳು ಕರೆಯುವ ಆಕೃತಿಯನ್ನು ಹುಡುಕಿ. ಅದು ಕಂಡರೆ ನಿಮ್ಮ ಎಕ್ಸ್‌ಪೋಶರ್ ಸರಿಯಾಗಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ರಾ ಫ್ರೇಮ್‌ಗಳನ್ನು ಪರೀಕ್ಷಿಸಿದೆ. ನಡುವಿನ ನಕ್ಷತ್ರಗಳೆಲ್ಲ ಮಿತಿ ಮುಟ್ಟಿದ್ದವು. ನಿನ್ನೆ ರಾತ್ರಿ ಐಎಸ್‌ಒ 400, 30 ಸೆಕೆಂಡಿನಂತೆ 110 ಫ್ರೇಮ್‌ಗಳನ್ನು ತೆಗೆದು, ನಡುವೆ ಎರಡು ಸಲ ಫೋಕಸ್ ಸರಿಪಡಿಸಿದೆ. ಕೋಮಾ ಕರೆಕ್ಟರ್ ಇನ್ನೂ ಇಲ್ಲದ ಕಾರಣ ಅಂಚುಗಳನ್ನು ಕತ್ತರಿಸಬೇಕಾಯಿತು. ಕೆಂಪು ದೈತ್ಯಗಳು ಕಿತ್ತಳೆ ಬಣ್ಣದಲ್ಲಿಯೂ, ಅವುಗಳ ನಡುನಡುವೆ ಕೆಲವು ನಕ್ಷತ್ರಗಳು ತಿಳಿನೀಲಿಯಾಗಿಯೂ ಬಂದಿವೆ. ಪ್ರೊಪೆಲ್ಲರ್‌ನ ಎರಡು ಗೆರೆಗಳು ಸ್ಪಷ್ಟವಾಗಿವೆ. ಮೂರನೆಯದನ್ನು ಇನ್ನೂ ಹುಡುಕುತ್ತಿದ್ದೇನೆ.